ಮಹಡಿ ಕೋಣೆಯ ಬೆರಕೆ ಹಾಡು

ಮೋನಿಷಾ, ತೇಜಸ್, ನಮ್ಮ ಮಹಡಿಯಲ್ಲಿದ್ದ ಒಬ್ಬರ ಕಥೆ ಇದು. ಅವರ ಎರಡು ಮೊಣಕೈಗಳ ಮೇಲೂ ನೊಗ ಹೊತ್ತ ಎತ್ತಿನ ಹೆಗಲಿನಂತೆ ಕಪ್ಪಗೆ ಕಾಯಿ ಕಟ್ಟಿತ್ತು. ಹರೆಯದಲ್ಲಿ ನೆಲಕ್ಕೆ ಮೊಣಕೈ ಊರಿ ಬುಗುರಿಯಂತೆ ತಿರುಗಿ ಕುಣಿದದ್ದಕ್ಕೆ ಆದದ್ದೆಂದು ಆಮೇಲೆ ತಿಳಿಯಿತು. ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಶುರುವಾದ ಹೊಸದರಲ್ಲಿ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವರು. ಅಲ್ಲಿ ಸರಕು ಇಳಿಸುವ ಕೆಲಸ. ನಲವತ್ತು ದಾಟಿತ್ತು, ಒಬ್ಬರೇ ಇದ್ದರು. ನೀವಿಬ್ಬರೂ ಆಗ ಹುಟ್ಟಿರಲಿಲ್ಲ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ನಾನು ಹೊರಗಿನ ಗಂಡಸರೊಡನೆ ಬಾಗಿಲ ಹಿಂದೆ ನಿಂತೇ ಮಾತಾಡುತ್ತಿದ್ದವಳು.

ರಜೆಯ ದಿನ ಮೇಲಿನಿಂದ ಡುಬ್ ಡುಬ್ ಎಂದು ಒಂದೇ ಸದ್ದು. ಒಂದು ಭಾನುವಾರ ತಡೆಯಲಾರದೆ ಮೆಟ್ಟಿಲು ಹತ್ತಿ, ಏನದು ಎಂದು ಕೇಳಿದೆ. ಹಿಪ್ ಹಾಪ್ ಎಂದರು. ನನ್ನದು ರೇಷ್ಮೆಹುಳು ಸಾಕಿದ ಮನೆಯವಳ ಕಿವಿ, ಕೇಳಿಸಿದ್ದು ಹಿಪ್ಪುನೇರಳೆ.

“ಹಿಪ್ಪುನೇರಳೆಗೆ ಇಷ್ಟೊಂದು ಸದ್ದು ಯಾಕಪ್ಪಾ?” ಎಂದುಬಿಟ್ಟೆ.

ಅವರು ನಗಲಿಲ್ಲ. ಕಂಪ್ಯೂಟರ್ ನಿಲ್ಲಿಸಿ, ಮೆಟ್ಟಿಲ ಮೇಲೆ ಕೂತು, ಮೇಷ್ಟರಂತೆ ಬಿಡಿಸಿ ಹೇಳಿದರು. ಅಮೆರಿಕದಲ್ಲಿ ಬಡವರ ಕೇರಿಯ ಕಪ್ಪು ಹುಡುಗರು ವಾದ್ಯ ಕೊಳ್ಳಲಾಗದೆ, ಹಾಡಿನ ತಟ್ಟೆಗಳನ್ನೇ ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ತಾಳ ಹುಟ್ಟಿಸಿದರಂತೆ. ಆ ತಾಳಕ್ಕೆ ತಮ್ಮ ಕಷ್ಟಸುಖವನ್ನು ಮಾತಿನಲ್ಲೇ ಹಾಡಿದರಂತೆ. ಇವರು ದೊಡ್ಡಬಳ್ಳಾಪುರದ ನೇಕಾರರ ಮಗ. ಪವರ್‌ಲೂಮ್ ಸದ್ದಿಗೆ ಕುಣಿದು ಕಲಿತು, ಆರ್ಕೆಸ್ಟ್ರಾಗಳಲ್ಲಿ ಬ್ರೇಕ್ ಡ್ಯಾನ್ಸ್ ಮಾಡಿದವರು. ಈಗ ಆ ಮೊದಲಿಗರ ಹಾಡುಗಳಿಗೆ ನಮ್ಮ ಕಡೆಯ ಸದ್ದುಗಳನ್ನು ಸೇರಿಸಿ, ಅವರ ಗೌರವಕ್ಕೆಂದು ಹತ್ತು ಹಾಡಿನ ರೀಮಿಕ್ಸ್ ಆಲ್ಬಂ ಮಾಡುತ್ತಿದ್ದರು.

“ಅವ್ರನ್ನ ಇಲ್ಲಿ ಯಾರು ನೆನೀತಾರಮ್ಮ? ದಾರಿ ಮಾಡಿಕೊಟ್ಟೋರಿಗೆ ಒಂದು ನಮಸ್ಕಾರನಾದ್ರೂ ಹಾಕ್ಬೇಕಲ್ವಾ?” ಎಂದರು.

ರೀಮಿಕ್ಸ್ ಎಂದರೇನು ಎಂದೆ. ಬೆರೆಸೋದು ಎಂದರು. “ಹಂಗಾದ್ರೆ ಬೆರಕೆಸೊಪ್ಪು ಅನ್ನಪ್ಪ,” ಎಂದೆ. ಆಗ ನಕ್ಕರು. ಬದುವಿನಲ್ಲಿ ಸಿಕ್ಕ ಹತ್ತು ಸೊಪ್ಪು ಸೇರಿಸಿ ಸಾರು ಮಾಡಿದರೂ ಒಂದೊಂದರ ರುಚಿಯೂ ನಾಲಿಗೆಗೆ ಸಿಗಬೇಕು, ಒಂದೇ ಮುಂದಾದರೆ ಕೆಟ್ಟಿತು ಎಂದು ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡರು. ನನ್ನ ಮಾತನ್ನು ಬರೆದುಕೊಂಡವರು ಅವರೊಬ್ಬರೇ.

ಹತ್ತನೆಯ ಹಾಡಿಗೆ ಅವರಿಗೆ ರಾಗಿ ಬೀಸುವ ಪದ ಬೇಕಿತ್ತು. ನನಗೆ ಬರುತ್ತದೆಂದು ಯಾರೋ ಹೇಳಿದ್ದರು. ಗಂಟಲು ಸರಿಯಿಲ್ಲ ಎಂದೆ. ಪ್ರತಿ ಭಾನುವಾರವೂ ಗಂಟಲು ಹೇಗಿದೆ ಎಂದು ವಿಚಾರಿಸುವರು, ನಾನು ಇನ್ನೂ ವಾಸಿಯಾಗಿಲ್ಲ ಅನ್ನುವೆ. ಹೀಗೇ ನಾಲ್ಕು ತಿಂಗಳು ಕಳೆಯಿತು.

ಆಮೇಲೆ ನನ್ನ ಓರಗಿತ್ತಿಯ ಮಗಳ ಮದುವೆ ಬಂತು. ಮಹಡಿಯವರೂ ಬಂದಿದ್ದರು. ಹೆಣ್ಣಿಗೆ ಅರಿಶಿನ ಹಚ್ಚಿ ಮುತ್ತೈದೆಯರ ಸೋಬಾನೆ ಶುರುವಾದಾಗ ನಾನು ಎದ್ದು ಅಡುಗೆಯ ಕಡೆ ಹೋದೆ. ಯಾರೂ ಹೋಗೆನ್ನಲಿಲ್ಲ. ಹೋಗೆನ್ನುವ ಮೊದಲೇ ಎದ್ದು ಹೋಗುವುದನ್ನು ಗಂಡ ಸತ್ತವಳು ಬೇಗ ಕಲಿಯುತ್ತಾಳೆ. ಅದನ್ನವರು ನೋಡಿದ್ದರು. ಮರುದಿನ ಮೆಟ್ಟಿಲ ಕೆಳಗೆ ನಿಂತು, ನನ್ನ ಮುಖ ನೋಡದೆ ಹೇಳಿದರು.

“ನಾನು ಕೇಳಿದ್ದು ಸೋಬಾನೆ ಅಲ್ಲಮ್ಮ, ಬೀಸೋ ಪದ. ಬೀಸೋ ಕಲ್ಲು ಯಾರ ಹಣೆನೂ ನೋಡಲ್ಲ.”

ಆ ಮಧ್ಯಾಹ್ನ ಕಲ್ಲಿನ ಮುಂದೆ ಕೂತೆ. ಅವರು ಮೈಕನ್ನು ಹೊಸ್ತಿಲ ಒಳಗಿಟ್ಟು, ತಾವು ಜಗುಲಿಯಲ್ಲೇ ಉಳಿದರು. ನಮ್ಮಮ್ಮನ ಪದ ಅದು, ಕಲಿಸಿದವರನ್ನು ನೆನೆದೇ ಶುರುವಾಗುವುದು. ಮೂರನೆಯ ನುಡಿಯಲ್ಲಿ ಮರೆತು, ಉಸಿರೆಳೆದುಕೊಂಡು ಮುಂದುವರಿದೆ. ಅದನ್ನು ಅಳಿಸಲು ಹೇಳಿದರೆ, ಆ ಉಸಿರೇ ಚೆನ್ನಾಗಿದೆ ಎಂದು ಉಳಿಸಿಕೊಂಡರು. ಹಾಡಿದವಳು ನಾನೆಂದು ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡೆ.

ಹದಿನೈದು ದಿನದ ಮೇಲೆ, ಬೆಳಗಿನ ಪಾಳಿಗೆ ಹೋಗುವಾಗ ಹೆದ್ದಾರಿಯಲ್ಲಿ ಅವರ ಬೈಕಿಗೆ ಲಾರಿ ಬಡಿಯಿತು. ಆಸ್ಪತ್ರೆ ಮುಟ್ಟಲಿಲ್ಲ.

ಸಾಮಾನು ಒಯ್ಯಲು ಅವರ ತಂಗಿ ಬಂದಳು. ಓರಗಿತ್ತಿ, ಅಕ್ಕಪಕ್ಕದವರು ಎಲ್ಲ ಕೋಣೆಯಲ್ಲಿ ನೆರೆದಿದ್ದರು. ತಂಗಿಯ ಗಂಡ ಕಂಪ್ಯೂಟರ್ ಹಾಕಿ ನೋಡಿದಾಗ ಹಾಡು ಕೇಳಿಸಿತು. ಮೊದಲು ಅವರ ದನಿ, ಆ ಮೊದಲಿಗರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ. ಆಮೇಲೆ ಕಲ್ಲಿನ ಸದ್ದು, ನನ್ನ ದನಿ. ಒಂಟಿ ಗಂಡಸಿನ ಕೋಣೆಯಲ್ಲಿ ಹೆಂಗಸಿನ ದನಿ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ಯಾರಮ್ಮ ಇದು ಹಾಡಿರೋದು?” ತಂಗಿ ನನ್ನನ್ನೇ ಕೇಳಿದಳು. “ಫೋನ್ ಮಾಡ್ದಾಗೆಲ್ಲ ಅಣ್ಣ ಇವ್ರ ಮಾತೇ ಆಡೋನು. ಹೆಸ್ರು ಕೇಳಿದ್ರೆ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಅನ್ನೋನು. ಒಂದ್ಸಲ ಅವ್ರನ್ನ ನೋಡ್ಬೇಕಿತ್ತು.”

“ನಂಗೊತ್ತಿಲ್ಲ ಕಣವ್ವ,” ಎಂದೆ.

ಓರಗಿತ್ತಿ ನನ್ನ ಮುಖ ನೋಡಿದಳು. ದನಿಯ ಗುರುತು ಸಿಕ್ಕಿತ್ತೋ ಏನೋ. ತಂಗಿ ಕಣ್ಣೊರೆಸಿಕೊಂಡು ಎಲ್ಲವನ್ನೂ ಟೆಂಪೋದಲ್ಲಿ ಹಾಕಿಕೊಂಡು ಹೋದಳು. ಮನೆ ಯಾವ ಬೀದಿ ಎಂದೂ ನಾನು ಕೇಳಲಿಲ್ಲ. ಆಲ್ಬಂ ಹೊರಬಂತೋ ಇಲ್ಲವೋ ತಿಳಿಯದು.

ಅದನ್ನು ಹಾಡಿದವಳು ನಾನು. ನಿಮ್ಮ ಅಜ್ಜಿ. ಬಾಯಿಬಿಟ್ಟು ಹೇಳಲು ಇಂದಿಗೂ ಆಗುತ್ತಿಲ್ಲ, ಅದಕ್ಕೇ ಬರೆದೆ. ಎಂದಾದರೂ ದೊಡ್ಡಬಳ್ಳಾಪುರದ ಆ ತಂಗಿಯೋ ಅವಳ ಮಕ್ಕಳೋ ಹಾಡಿದವಳು ಯಾರೆಂದು ಕೇಳಿಕೊಂಡು ಬಂದರೆ ಇದನ್ನು ಕೈಗೆ ಕೊಡಿ. ಅಲ್ಲಿಯವರೆಗೆ ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಟ್ಟಿರಿ, ಮಕ್ಕಳೇ.