ಮೇಷ್ಟ್ರ ಮುಂದೆ ಹೇಳಿಸಿದ ಸುಳ್ಳು

ಗಂಗಮ್ಮನ ಬೆರಳುಗಳು ಹೋದದ್ದು ನನ್ನಿಂದ. ತಪ್ಪು ಅವಳದೇ ಎಂದು ಸಾಕ್ಷಿ ಹೇಳಿದವನೂ ನಾನೇ.

ಎಪ್ಪತ್ತರ ದಶಕದ ಕೊನೆ. ಶಿರಾದ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ನಾನು ಮೇಸ್ತ್ರಿ. ಹೊಸಬರಿಗೆ ಕೆಲಸ ಕಲಿಸುವುದು ನನ್ನ ಪಾಲಿನದು. ಸುಲಿಯುವ ಮಷೀನಿನಲ್ಲಿ ಕಾಯಿ ಕಚ್ಚಿಕೊಂಡರೆ, ನಿಲ್ಲಿಸಿ ತೆಗೆಯಬೇಕು. ನಿಲ್ಲಿಸಿದರೆ ಸಾಹುಕಾರರು ಕೂಗಾಡುತ್ತಿದ್ದರು. ಅದಕ್ಕೆ ನಾನು, ಮಷೀನು ಓಡುತ್ತಿರುವಾಗಲೇ ಕೈ ಹಾಕಿ ತಟ್ಟನೆ ಎಳೆದುಕೊಳ್ಳುವುದನ್ನು ಕಲಿಸುತ್ತಿದ್ದೆ. ಗಂಗಮ್ಮನಿಗೂ ಹಾಗೇ ಕಲಿಸಿದೆ — ಅವಳ ಕೈ ಹಿಡಿದು.

ಆ ಸುಗ್ಗಿಯಲ್ಲಿ ಬೆಂಗಳೂರಿನ ಕಾಲೇಜೊಂದರ ಮೇಷ್ಟ್ರು ಬಂದರು. ಕಾರ್ಖಾನೆಗಳಲ್ಲಿ ಜನ ಒಬ್ಬರಿಂದೊಬ್ಬರು ಹೇಗೆ ಕೆಲಸ ಕಲಿಯುತ್ತಾರೆ ಎಂಬುದೇ ಅವರು ಮಾಡುವ ಪಾಠ, ಅವರ ಸಂಶೋಧನೆ. ನಾನು ಕಲಿಸುವ ರೀತಿ ಬಯಲಾದೀತೆಂದು ಹೆದರಿದೆ. ಅವರು ಕೇಳುವ ಮೊದಲೇ ಎಲ್ಲರಿಗೂ ಉತ್ತರ ಬಾಯಿಪಾಠ ಮಾಡಿಸಿದೆ. ಮಾತಾಡಿಸುವಾಗ ಪಕ್ಕದಲ್ಲೇ ನಿಂತೆ.

"ಮಷೀನ್ ನಿಲ್ಸಿ ಕೈ ಹಾಕ್ಬೇಕು ಸಾ. ಮೇಸ್ತ್ರಣ್ಣ ಅಂಗೇ ಯೇಳ್ಕೊಟ್ಟವ್ರೆ," ಎಂದಳು ಗಂಗಮ್ಮ, ನನ್ನ ಮುಖ ನೋಡಿಕೊಂಡು.

ಹಿಂದೆ ಕೂತಿದ್ದ ಮುದುಕಿ ಸಣ್ಣೀರಮ್ಮ ನಕ್ಕಳು: "ನಿಲ್ಸಿದ್ರೆ ಸಾವ್ಕಾರ್ರ ಉಸ್ರೇ ನಿಂತೋಯ್ತದೆ ಕಣಮ್ಮ!"

ಮೇಷ್ಟ್ರು ತಿರುಗಿದರು. ನಾನು ನಡುವೆ ಬಂದು ನಿಂತೆ.

"ತಮಾಷೆಗೆ ಅಂತಾಳೆ ಸಾರ್," ಎಂದೆ.

ಅವರು ನಂಬಿದರು. ನಾವು ಕಲಿಸುವ ಕ್ರಮವನ್ನು ಮೆಚ್ಚಿ ಸಾಹುಕಾರರಿಗೆ ಬರೆದೂ ಕಳಿಸಿದರು.

ಸುಗ್ಗಿ ಮುಗಿಯುವ ಮುಂಚೆ ಗಂಗಮ್ಮನ ಬಲಗೈ ಮಷೀನಿಗೆ ಸಿಕ್ಕಿತು.

ವಿಚಾರಣೆಗೆ ಸರ್ಕಾರದ ಅಧಿಕಾರಿ ಬಂದಾಗ ಸಾಹುಕಾರರು ಮೇಷ್ಟ್ರ ಆ ಮೆಚ್ಚುಗೆಯ ಕಾಗದವನ್ನೇ ಮುಂದಿಟ್ಟರು. ಗಂಗಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. "ನೀನೇ ಅಲ್ವೇನಣ್ಣಾ ಕಲ್ಸಿದ್ದು? ಒಂದ್ ಮಾತು ಯೇಳ್ಬುಡಣ್ಣಾ..."

ಒಂದೇ ಮಾತು. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು — ಇಲ್ಲ, ಆ ನೆಪಗಳೆಲ್ಲ ಈಗ ಬೇಡ.

"ನಿಲ್ಲಿಸಿಯೇ ಕೈ ಹಾಕು ಅಂದಿದ್ದೆ ಸಾರ್. ಅವಳೇ ಕೇಳಲಿಲ್ಲ."

ಅವಳಿಗೆ ಪರಿಹಾರ ಸಿಗಲಿಲ್ಲ; ಕೆಲಸವೂ ಹೋಯಿತು. ಅವಳ ಜಾಗಕ್ಕೆ ಬಂದ ಹುಡುಗಿಗೆ ನಾನು — ಹೇಗೆ ಬರೆಯಲಿ — ಅದನ್ನೇ ಕಲಿಸಿದೆ. ಆಮೇಲೆ ಮಿಲ್ಲಿನ ಬಾಗಿಲಲ್ಲಿ ಯಾರೇ ಹೊಸಬರು ನಿಂತರೂ, ಮೇಷ್ಟ್ರೇ ನಿಜ ತಿಳಿದು ಬಂದರೇನೋ ಎಂದು ಒಳಗೆ ಸರಿಯುತ್ತಿದ್ದೆ.

ಗಂಗಮ್ಮ ಈಗ ಐ.ಡಿ.ಹಳ್ಳಿಯ ಹತ್ತಿರ ಮಗನ ಮನೆಯಲ್ಲಿದ್ದಾಳೆ. ಅವಳ ಅಜಾಗರೂಕತೆಯಿಂದಲೇ ಬೆರಳು ಹೋಯಿತೆಂದು ಆ ಮನೆಯವರು ಇಂದಿಗೂ ನಂಬಿದ್ದಾರಂತೆ. ಅವರೆಲ್ಲರ ಎದುರಿಗೇ ನಾನು ಹೇಳಬೇಕು. ಹೆದರಿಕೆ ಹೋದಮೇಲೆ ಹೊರಡೋಣವೆಂದು ಇಷ್ಟು ವರ್ಷ ಕಳೆದೆ, ಅದು ಹೋಗುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ, ಹೆದರಿಕೊಂಡೇ ಹೋಗುತ್ತೇನೆ.