ಗಿಡ್ಡ ತೋಳಿನ ಜಂಪರ್

ಕಪಾಟಿನ ಕೆಳಗಿನ ಖಾನೆಯ ಹಳೆಯ ಸೀರೆಗಳನ್ನು ಬಿಸಿಲಿಗೆ ಹಾಕಲೆಂದು ತೆಗೆಯುತ್ತಿದ್ದೆ. ಒಂದು ಸೀರೆಯ ಮಡಿಕೆಯಿಂದ ಬದನೆ ಬಣ್ಣದ ಜಂಪರ್ ಪೀಸು ಜಾರಿ ಬಿತ್ತು. ಎತ್ತಿಕೊಂಡಾಗ ಡಾಂಬರಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು... ಹೊಲಿಗೆ ಮಷೀನಿನ ಎಣ್ಣೆಯದು. ಬಿಚ್ಚಿ ನೋಡಿದೆ. ಬೆನ್ನು, ಎದೆ, ಕೊರಳು ಎಲ್ಲಕ್ಕೂ ಸೀಮೆಸುಣ್ಣದ ಗೆರೆ ಬಿದ್ದಿತ್ತು. ತೋಳಿನ ಜಾಗದಲ್ಲಿ ಮಾತ್ರ ಗೆರೆ ಅರ್ಧಕ್ಕೆ ನಿಂತಿತ್ತು. ಕತ್ತರಿ ಮುಟ್ಟಿರಲಿಲ್ಲ.

ಅದು ಟೇಲರ್ ಖಾಲಾನ ಕೈಯ ಗೆರೆ.

ನಾನು ಸಿಂಧನೂರಿಗೆ ಸೊಸೆಯಾಗಿ ಬಂದಾಗ ನಮ್ಮ ಓಣಿಯಲ್ಲಿ ಮೊದಲು ನನ್ನ ಜೊತೆ ಮಾತಾಡಿದವರು ಅವರೇ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಹೊಲಿಯುತ್ತಿದ್ದರು. ಬಾಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು. ಅವು ಬೀಳದ ಹಾಗೆ ತುಟಿಯ ಒಂದೇ ಬದಿಯಿಂದ ಮಾತಾಡುವುದು ಅವರಿಗೆ ರೂಢಿಯಾಗಿತ್ತು.

ಅವರದೊಂದು ಪದ್ಧತಿ ಇತ್ತು. ಬಟ್ಟೆ ಕಡಿಮೆ ಬಿದ್ದರೆ ಬೇರೆ ಟೇಲರ್‌ಗಳು ತಮಗೆ ತೋಚಿದ ಹಾಗೆ ಬೇರೆ ತುಂಡಿನ ಜೋಡು ಹಾಕಿ ಹೊಲಿದು ಕೊಟ್ಟುಬಿಡುತ್ತಾರೆ. ಖಾಲಾ ಹಾಗಲ್ಲ. ಗೆರೆ ಹಾಕಿ, ಕತ್ತರಿ ಬದಿಗಿಟ್ಟು, ಬಟ್ಟೆ ಕೊಟ್ಟವಳನ್ನು ಕರೆಸುತ್ತಿದ್ದರು.

“ಬಟ್ಟಿ ಇಷ್ಟ ಐತಿ ನೋಡು ಬೇಟಿ. ತೋಳು ಗಿಡ್ಡ ಮಾಡ್ಲೋ, ಬೆನ್ನಾಗ ಜೋಡು ಹಾಕ್ಲೋ?”

“ನಿಮಗ ತಿಳಿದಂಗ ಮಾಡ್ರಿ ಖಾಲಾ.”

“ಹಾಕ್ಕೊಳ್ಳಾಕಿ ನೀನೋ ನಾನೋ? ನೀ ಹೇಳಿದ ಮ್ಯಾಲೆ ಕತ್ತರಿ.”

ನಾನು ಈ ಪೀಸು ಹೊಲಿಯಲು ಕೊಟ್ಟ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಅವರ ಕಣ್ಣು ಹಳದಿಯಾದವು. ಮೈಯೆಲ್ಲ ತುರಿಕೆ. ಮರದ ಅಳತೆಪಟ್ಟಿಯಿಂದ ಬೆನ್ನು ಕೆರೆದುಕೊಳ್ಳುತ್ತಲೇ ಹೊಲಿಯುತ್ತಿದ್ದರು. ಕಾಮಣಿ ಎಂದಿತು ಓಣಿ. ಕಾಮಣಿ ಎಂದ ಮೇಲೆ ನಮ್ಮ ಕಡೆ ಯಾರೂ ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ. ತುರ್ವಿಹಾಳದ ಕಡೆ ಬೇರಿನ ಔಷಧಿ ಕೊಡುವವರೊಬ್ಬರ ವಿಳಾಸ ಹೇಳಿದವಳು ನಾನೇ. ಮೂರು ವಾರ ಉಪ್ಪಿಲ್ಲದ ಗಂಜಿ ಕುಡಿದರು. ಹಳದಿ ಇಳಿಯಲಿಲ್ಲ, ಮೈ ಇಳಿಯಿತು. ತಮ್ಮ ಕಮೀಜಿಗೆ ತಾವೇ ಎರಡು ಸಲ ಒಳಹೊಲಿಗೆ ಹಾಕಿಕೊಂಡರು.

ಕೊನೆಗೆ ಲಿಂಗಸುಗೂರಿನಲ್ಲಿ ಮೇಷ್ಟರಾಗಿದ್ದ ಅವರ ತಮ್ಮ ಬಂದು, ‘ನಡಿ ಆಪಾ’ ಎಂದು ಅಕ್ಕನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಪಿತ್ತದ ದಾರಿ ಕಟ್ಟಿಕೊಂಡಿದೆಯೆಂದು ಅಲ್ಲಿ ಬಾಯಿಯ ಮೂಲಕವೇ ಸಣ್ಣ ನಳಿಗೆ ಕೂಡಿಸಿದರು. ಹಳದಿ ಇಳಿಯಿತು. ಖಾಲಾ ಊರಿಗೆ ಬಂದವರೇ ಮಷೀನಿನ ಧೂಳು ಒರೆಸಿದರು.

ಅವರ ತಮ್ಮ ಮಾತ್ರ ಒಂದು ಮಧ್ಯಾಹ್ನ ಫೈಲು ಹಿಡಿದು ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ. ಅದು ಕೆನೆಗಟ್ಟಿತು, ಅವರು ಮುಟ್ಟಲಿಲ್ಲ.

ಇಂಗ್ಲಿಷಿನಲ್ಲಿದ್ದ ಫೈಲು ಓದಿದೆ. ಕ್ಯಾನ್ಸರ್ ಗಂಟು ಮೇದೋಜೀರಕ ಗ್ರಂಥಿಯಲ್ಲಿತ್ತು. ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿತ್ತು, ಯಕೃತ್ತಿಗೂ ಹೋಗಿತ್ತು. ಆಪರೇಷನ್ ಆಗುವಂತಿರಲಿಲ್ಲ. ಉಳಿದದ್ದು ಎರಡು ದಾರಿ. ಕೀಮೋ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಅದರ ಕಷ್ಟಗಳೂ ಇವೆ. ಬೇಡವೆಂದರೆ ನೋವಿಗೆ ಔಷಧಿ ಕೊಟ್ಟು ಮನೆಯಲ್ಲಿ ನೋಡಿಕೊಳ್ಳುವುದು. ಕೊನೆಯ ಸಾಲು ಡಾಕ್ಟರ ಕೈಬರಹದಲ್ಲಿತ್ತು: ರೋಗಿಯನ್ನೇ ಕೇಳಿ ನಿರ್ಧರಿಸುವುದು.

“ಕೀಮೋ ಕೊಡಸೂದು ಅಂತ ನಾವು ಫೈಸಲಾ ಮಾಡೀವ್ರಿ,” ಎಂದರು ಅವರು. “ಆಪಾಗ ಮಾತ್ರ ಹೇಳಬ್ಯಾಡ್ರಿ ಮೇಡಂ. ಎದಿ ಒಡಕೊಂತಾಳ. ನೀವು ಕಾನ್ವೆಂಟ್ ಓದಿದೋರು, ನೀವು ಹುಣ್ಣು ಅಂದ್ರ ನಂಬ್ತಾಳ.”

ಆ ಕೊನೆಯ ಸಾಲನ್ನು ಅವರಿಗೆ ಓದಿ ತೋರಿಸಬಹುದಿತ್ತು. ತೋರಿಸಲಿಲ್ಲ. ಅಳುತ್ತಿದ್ದ ಗಂಡಸಿನ ಮುಂದೆ ವಾದ ಮಾಡುವುದು ಒರಟುತನ ಅನ್ನಿಸಿತು. ಶಾಲೆಯಲ್ಲಿ ಸಿಸ್ಟರ್‌ಗಳು ಕಲಿಸಿದ್ದರಲ್ಲಿ ಮೆತ್ತಗೆ ಮಾತಾಡುವುದೊಂದೇ ನನಗೆ ಪೂರ್ತಿ ಹತ್ತಿದ್ದು.

ನಾವಿಬ್ಬರೂ ಹೋದಾಗ ಖಾಲಾ ಇದೇ ಬದನೆ ಬಣ್ಣದ ಪೀಸಿನ ಮೇಲೆ ಗೆರೆ ಹಾಕುತ್ತಿದ್ದರು.

“ತೋಳಿಗೆ ಬಟ್ಟಿ ಸಾಲಾಂಗಿಲ್ಲ ಬೇಟಿ... ತಡಿ, ಮೊದಲ ಆ ಕಾಗದ ಓದು. ಇವ ಓದಿದ್ರ ನನಗ ನಂಬಿಕಿ ಇಲ್ಲ. ಸಣ್ಣಾಂವ ಇದ್ದಾಗ ಮಾರ್ಕ್ಸ್ ಕಾರ್ಡು ಸುಳ್ಳs ಓದಿ ಹೇಳ್ತಿದ್ದ.”

ತಮ್ಮ ನಕ್ಕರು. ನಾನೂ ನಕ್ಕೆ. ನಗುತ್ತಲೇ ಹೇಳಿದೆ, ಕರುಳಿಗೆ ಹುಣ್ಣಾಗಿದೆ, ಸೂಜಿಮದ್ದು ಕೊಡುತ್ತಾರೆ ಅಂತ.

“ಸೂಜಿ ತಗೊಂಡ್ರ ಹೋಗ್ತೈತೇನು?”

“ಹೋಗ್ತೈತ್ರಿ ಖಾಲಾ.”

“ಹಂಗಾರ ಗುರುಗುಂಟಾಕ ಆಮ್ಯಾಲೆ ಹೋಗ್ತೀನಿ. ಅಲ್ಲಿ ನಮ್ಮ ಅಕ್ಕ, ಬಡೀ ಆಪಾ, ಸೊಂಟ ಮುರಕೊಂಡು ಮಲಗ್ಯಾಳ, ದಿನಾ ಫೋನ್ ಮಾಡಾಕತ್ತಾಳ. ಈ ಸೂಜಿ ಒಮ್ಮೆ ಮುಗೀಲಿ. ಆಡಿನ ಹಾಲಿನ ಚಾ ಕುಡಕೊಂತ ಆಕೀ ಕೂಡ ಒಂದು ತಿಂಗಳು ಇದ್ದು ಬರ್ತೀನಿ.”

ಗುರುಗುಂಟಾ ಇಲ್ಲಿಂದ ಏನು ಮಹಾ ದೂರ... ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇರುತ್ತಿದ್ದರು. ಆಗ ಇನ್ನೂ ನಡೆದಾಡುತ್ತಿದ್ದರು.

ಎರಡು ವಾರಕ್ಕೊಮ್ಮೆ ಹುಬ್ಬಳ್ಳಿ. ಬಾಯಲ್ಲಿ ಹುಣ್ಣೆದ್ದಿತು, ಅನ್ನ ಸೇರದಾಯಿತು. ಬೆರಳ ತುದಿಗಳು ಜೋಮು ಹಿಡಿದವು. ಒಂದು ದಿನ ನೋಡುತ್ತೇನೆ, ಸೂಜಿ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಿಳಿ ಲೈನಿಂಗಿಗೆ ಹತ್ತಿದೆ, ಅವರಿಗೆ ಗೊತ್ತೇ ಆಗಿಲ್ಲ. ಮರುದಿನ ಮಷೀನಿನ ಮೇಲೆ ಹಳೆಯ ದುಪಟ್ಟಾ ಹೊದಿಸಿಟ್ಟಿದ್ದರು.

ನಾಲ್ಕನೆಯ ಕೀಮೋ ಆದ ಮೇಲೆ ಸ್ಕ್ಯಾನ್ ಮಾಡಿ, ಗಂಟು ಬೆಳೆದಿದೆ, ಇನ್ನು ಸಾಕು ಎಂದರಂತೆ. ಖಾಲಾ ನನ್ನನ್ನು ಕರೆಸಿದರು. ಮಲಗಿಕೊಂಡೇ ಇದ್ದರು. ತುಟಿಯಲ್ಲಿ ಪಿನ್ನು ಇಲ್ಲದಿದ್ದರೂ ಒಂದೇ ಬದಿಯಿಂದ ಮಾತಾಡಿದರು.

“ಅಲ್ಲಿ ವಾರ್ಡಿನ ಬಾಗಲ ಮ್ಯಾಲೆ ಕನ್ನಡದಾಗ ದೊಡ್ಡದಾಗಿ ಬರದಾರ. ನಾ ಏಳನೇತ್ತ ಪಾಸು, ಬೇಟಿ.”

ನಾನು ಅವರ ಹೊದಿಕೆಯ ಅಂಚು ಸರಿಮಾಡತೊಡಗಿದೆ.

“ಮೊದಲನೇ ಸಲನs ಓದಿದ್ದೆ. ಹುಣ್ಣಿನೋರ್ನೂ ಇಲ್ಲೇ ಕುಂದ್ರಸ್ತಾರ ಅನಕೊಂಡೆ. ಬೋರ್ಡಿಗಿಂತ ನಿನ್ನ ಮಾತು ಖರೇ ಅನಿಸ್ತು.” ನನ್ನ ಕಡೆ ತಿರುಗಿ ಕೇಳಿದರು. “ಬಟ್ಟಿ ಕಮ್ಮಿ ಐತಂತ ನಿನಗ ಗೊತ್ತಿತ್ತು, ಹೌದಿಲ್ಲೋ?”

ತಲೆಯಾಡಿಸಿದೆ.

“ಕೇಳಬೇಕಿತ್ತು. ತೋಳು ಗಿಡ್ಡನs ಹೊಲಕೊಂತಿದ್ದೆ. ಗುರುಗುಂಟಾದಾಗ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ಹೊರಳಿದರು. ಆಮೇಲೆ ನಾನು ಹೋದಾಗಲೆಲ್ಲ “ಬಾ, ಕೂಡು” ಎಂದರು. ಬೇಟಿ ಎನ್ನಲಿಲ್ಲ.

ಗಾಡಿಯಲ್ಲಿ ಕೂರುವ ಶಕ್ತಿ ಆಗ ಉಳಿದಿರಲಿಲ್ಲ. ಅಕ್ಕ ತಂಗಿ ಒಬ್ಬರನ್ನೊಬ್ಬರು ಕಂಡದ್ದು ಫೋನಿನಲ್ಲೇ. ಬಡೀ ಆಪಾಗೆ ಖಾಲಾನ ಮಣ್ಣಿಗೂ ಬರಲಾಗಲಿಲ್ಲ. ಹೊಲಿಯದೆ ಉಳಿದ ಬಟ್ಟೆಗಳನ್ನು ತಮ್ಮನೇ ಮನೆಮನೆಗೆ ತಿರುಗಿ ಮುಟ್ಟಿಸಿದರು. ನನ್ನದೂ ಬಂತು.

ಹೋದ ತಿಂಗಳು ಮಸ್ಕಿಯಲ್ಲಿ ಒಂದು ಮದುವೆಯಲ್ಲಿ ಖಾಲಾನ ತಮ್ಮ ಸಿಕ್ಕಿದ್ದರು. ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, “ಈ ಮೇಡಂ ಪುಣ್ಯಾದಿಂದ ನಮ್ಮ ಆಪಾಗ ಕಡೀತನಕ ಏನೂ ಗೊತ್ತಾಗ್ಲಿಲ್ರಿ,” ಎಂದರು. ಎಲ್ಲರೂ ನನ್ನನ್ನು ಮೆಚ್ಚಿಕೊಂಡು ನೋಡಿದರು. ನಾನು ಮೆತ್ತಗೆ ನಕ್ಕು ಎಲೆಯ ಕಡೆ ನೋಡಿದೆ. ಖಾಲಾ ನನಗೆ ಹೇಳಿದ್ದನ್ನು ಅವರಿಗೆ ಹೇಳಬೇಕೋ ಬೇಡವೋ... ಇವತ್ತಿಗೂ ಹೇಳಿಲ್ಲ.

ಸೀರೆಗಳೆಲ್ಲ ಬಿಸಿಲಿನಲ್ಲಿವೆ. ಪೀಸು ನನ್ನ ತೊಡೆಯ ಮೇಲಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಈಗ ಹೊಸ ಟೇಲರ್ ಇದ್ದಾನೆ, ಕೊಟ್ಟರೆ ಸಂಜೆಯೊಳಗೆ ಏನಾದರೊಂದು ಮಾಡಿ ಹೊಲಿದು ಕೊಡುತ್ತಾನೆ, ಕೇಳುವುದಿಲ್ಲ. ತೋಳು ಗಿಡ್ಡವಾದರೂ ನಡೆಯುತ್ತದೆ ಎಂದು ನಾನು ಹೇಳಬೇಕಾಗಿದ್ದದ್ದು ಖಾಲಾಗೆ. ಅರ್ಧಕ್ಕೆ ನಿಂತ ಆ ಗೆರೆ ಅಳಿಸಿಹೋಗದ ಹಾಗೆ ಪೀಸನ್ನು ಒಳಮಗ್ಗುಲಿಗೆ ಮಡಿಸಿ, ಮತ್ತೆ ಅದೇ ಖಾನೆಯಲ್ಲಿ ಇಟ್ಟೆ.