ಬೆಳಕು ಕಂಡ ಮೇಲಿನ ದೃಶ್ಯ

ಕೊರೋನಾ ಕಳೆದು ಚಿತ್ರಮಂದಿರಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಕೆ.ಆರ್. ಪೇಟೆಯ ಒಂದು ಹಳೆಯ ಥಿಯೇಟರಿನಲ್ಲಿ ಮ್ಯಾನೇಜರ್ ಆಗಿದ್ದೆ. ಬೇರೆ ಚಿತ್ರ ಸಿಗದೆ, ಕನ್ನಡಕ್ಕೆ ಡಬ್ ಆದ ವಿದೇಶಿ ವೈಜ್ಞಾನಿಕ ಚಿತ್ರವೊಂದನ್ನು ಹಾಕಿದ್ದೆವು. ಭೂಮಿಯೆಲ್ಲ ಬರಡಾಗಿ, ಉಳಿದವಳು ಒಬ್ಬಳೇ ಹೆಂಗಸು. ದಿನಾ ಬೆಳಿಗ್ಗೆ ರೇಡಿಯೊ ಹಚ್ಚಿ "ಯಾರಾದರೂ ಇದ್ದೀರಾ?" ಎಂದು ಕೂಗುತ್ತಾಳೆ. ಒಂದು ಸಂಜೆ ಆಕಾಶದಲ್ಲಿ ಬೆಳಕು ಕಾಣುತ್ತದೆ. ಯಾರೋ ಬಂದರೆಂದು ಓಡಿದರೆ, ಅದು ಕೆಟ್ಟು ಬಿದ್ದ ಉಪಗ್ರಹದ ಚೂರು.

ಮೊದಲ ದಿನವೇ ಜನ ಬೈದುಕೊಂಡು ಹೋದರು. ಮಾಲೀಕರು ಫೋನ್ ಮಾಡಿ, "ಆ ಬೆಳಕು ಕಾಣ್ತದಲ್ಲ, ಅಲ್ಲಿಗೇ ನಿಲ್ಲಿಸ್ಬುಡು. ಜನ ಖುಷಿಯಾಗಿ ಹೋಗ್ಲಿ" ಎಂದರು. ಈಗ ರೀಲು ಕತ್ತರಿಸುವ ಕೆಲಸವಿಲ್ಲ. ಚಿತ್ರ ಓಡುವುದು ಸರ್ವರ್ ಎಂಬ ಕಂಪ್ಯೂಟರಿನಿಂದ. ಗುಂಡಿ ಒತ್ತಿ ನಿಲ್ಲಿಸಿ ದೀಪ ಹಾಕತೊಡಗಿದೆವು. ಬೈಗುಳವೂ ನಿಂತಿತು.

ಎರಡನೇ ವಾರದ ಕೊನೆಯ ಮ್ಯಾಟಿನಿ ಮುಗಿದು ದೀಪ ಹತ್ತಿದರೂ, ಶೀಳನೆರೆ ಕಡೆಯ ಹೆಂಗಸೊಬ್ಬರು ಕುರ್ಚಿ ಬಿಟ್ಟು ಏಳಲಿಲ್ಲ.

"ಪಿಚ್ಚರ್ ಮುಗೀತಮ್ಮ" ಎಂದೆ.

"ಇಲ್ಲ ಸಾ, ಮುಗ್ದಿಲ್ಲ. ಬೆಳಕು ಸುಳ್ಳು ಅಂತ ಗೊತ್ತಾಗಿ ಅವ್ಳು ಅಳ್ಬೇಕು. ಆಮೇಲೇನ್ ಮಾಡ್ತಾಳೆ ಅಂತ ನೀನೇ ನೋಡವ್ವ ಅಂದಿದ್ಲು ನನ್ ಮಗ್ಳು."

ಮಗಳು ಕಾಲೇಜು ಹುಡುಗಿ. ಮೊದಲ ದಿನ ನೋಡಿ ಹೋಗಿ, ತಾಯಿಗೆ ಕತೆಯೆಲ್ಲ ಹೇಳಿ, ಕೊನೆಯೊಂದನ್ನು ಬಾಕಿ ಇಟ್ಟಿದ್ದಳಂತೆ. ಭಾನುವಾರ ಕರೆದುಕೊಂಡು ಬರುವವಳಿದ್ದಳು. ಶನಿವಾರ ಅವಳ ಸ್ಕೂಟರಿಗೆ ಟಿಪ್ಪರ್ ಗುದ್ದಿತು.

"ನೆನ್ನೆ ತಿಥಿ ಆಯ್ತು" ಎಂದರು.

ನಾನು ಮಾಲೀಕರನ್ನು ಕೇಳಲು ಹೋಗಲಿಲ್ಲ. ಆಪರೇಟರ್‌ಗೆ ಹೇಳಿ ದೀಪ ಆರಿಸಿ, ಉಳಿದದ್ದನ್ನು ಹಾಕಿಸಿ, ಅವರ ಹಿಂದಿನ ಸಾಲಿನಲ್ಲಿ ಕೂತೆ.

ಪರದೆಯ ಮೇಲಿನ ಹೆಂಗಸು ಆ ಚೂರಿನ ಪಕ್ಕ ಕುಸಿದು ಗೋಳಾಡಿದಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆಳಗಾಯಿತು. ಅವಳು ಎದ್ದು ಮುಖ ತೊಳೆದು, ಮತ್ತೆ ರೇಡಿಯೊ ಹಚ್ಚಿದಳು. ಉತ್ತರ ಬರಲಿಲ್ಲ. ಚಿತ್ರ ಮುಗಿಯಿತು.

"ಯಾರೂ ಬರಲ್ಲ ಅಂತ ಗೊತ್ತಿದ್ರೂ ಎದ್ಲಲ್ಲ ಸಾ" ಎಂದರು ಆಕೆ. "ನನ್ ಕೈಲಿ ಆಗ್ತಿಲ್ಲ. ವಸಿ ಹೊತ್ತು ಇಲ್ಲೇ ಕೂತಿರ್ಲಾ?" ಎಂದು ಕೇಳಿದರು.

"ಕೂತಿರಿ ತಾಯಿ" ಎಂದೆ. ದೀಪ ಹಾಕಿಸಲಿಲ್ಲ. ಹೊರಗೆ ಸಂಜೆಯ ಫಸ್ಟ್ ಶೋಗೆ ಬಂದವರು ಗೇಟು ಬಡಿಯುತ್ತಿದ್ದರು. ಆ ತಾಯಿ ತಾವಾಗಿ ಎದ್ದು ಹೋಗುವವರೆಗೂ ಗೇಟು ತೆಗೆಸಲಿಲ್ಲ.

ಅಂದಿನ ಫಸ್ಟ್ ಶೋನಿಂದ ಯಾವ ಚಿತ್ರವನ್ನೂ ನಾನು ನಡುವೆ ನಿಲ್ಲಿಸಿಲ್ಲ. ದುಃಖದ ಕೊನೆ ಜನಕ್ಕೆ ಬೇಡವೆಂದು ನಾವು ಲೆಕ್ಕ ಹಾಕುತ್ತೇವೆ. ಆ ಕೊನೆಯನ್ನು ನೋಡಲೆಂದೇ ಟಿಕೆಟ್ ಕೊಂಡು ಬಂದವರು ಆ ಕತ್ತಲಲ್ಲಿ ಎಲ್ಲಿ ಕೂತಿದ್ದಾರೋ, ಮ್ಯಾನೇಜರಿಗೆ ಗೊತ್ತಿರುವುದಿಲ್ಲ.